ತೇಪೆ ಆಂಟೆನಾ ಮತ್ತು ಅದರ ಆಧಾರಫಲಕ

ಬಯಲಿನಲ್ಲಿ ಸಂಚರಿಸುವ ವಿದ್ಯುತ್ಕಾಂತ ತರಂಗಗಳನ್ನು ಹಿಡಿದು ತಂತಿಗೆ ಇಳಿಸುವ, ತಂತಿಯಲ್ಲಿ ಹರಿದುಬಂದುದನ್ನು ಮರಳಿ ಬಯಲಿಗೆ ಬಿಡುವ ಸಾಧನಕ್ಕೆ ಆಂಟೆನಾ ಎಂದು ಹೆಸರು. ಒಂದು ಕಾಲದಲ್ಲಿ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿದ್ದ ದೂರದರ್ಶನದ ಆಂಟೆನಾ ನಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಇಂದು ವಾಹನಗಳಿಗೆ ದಾರಿ ತೋರುವ ಜಿಪಿಎಸ್ ಯಂತ್ರಗಳಲ್ಲಿಯೂ ಅನೇಕ ಉಪಗ್ರಹಗಳ ಮೈಮೇಲೂ ಇರುವುದು ಬೇರೊಂದು ಜಾತಿಯದು. ಇಂಗ್ಲಿಷಿನಲ್ಲಿ ಅದಕ್ಕೆ ಪ್ಯಾಚ್ ಆಂಟೆನಾ ಎನ್ನುವರು. ಪ್ಯಾಚ್ ಎಂದರೆ ತೇಪೆ. ವಿಜ್ಞಾನದ ಅಧ್ಯಾಪಕ ಮಿತ್ರರು ಇದಕ್ಕೊಂದು ಕನ್ನಡ ಪದ ಬೇಕೆಂದಾಗ, ಅರ್ಥವನ್ನರಿಯದೆ ಪದ ಕಟ್ಟಲಾಗದು ಎಂಬ ಕಾರಣದಿಂದಲೇ ನಾನು ಈ ವಿಷಯಕ್ಕೆ ಇಳಿದೆನು. ಇಳಿದ ಮೇಲೆ ತಿಳಿದುದೇನೆಂದರೆ, ಇಲ್ಲಿ ತೇಪೆಗಿಂತಲೂ ಅದು ಕುಳಿತಿರುವ ಬಟ್ಟೆಯ ವಿಚಾರವೇ ದೊಡ್ಡದು.

ಇದರ ರಚನೆ ಸರಳ. ತೆಳುವಾದ ಅವಾಹಕ ಹಲಗೆಯೊಂದರ ಕೆಳಮೈಗೆ ಪೂರ್ತಿಯಾಗಿ ತಾಮ್ರದ ಹಾಳೆ. ಮೇಲ್ಮೈಯಲ್ಲಿ ಆಯತಾಕಾರದ ತಾಮ್ರದ ತುಂಡೊಂದು. ಅದಕ್ಕೆ ಸಂಕೇತವನ್ನು ಮುಟ್ಟಿಸುವ ಕಿರಿದಾದ ಪಟ್ಟಿ. ಇಷ್ಟೇ. ತುಂಡಿನ ಉದ್ದವು ಹಲಗೆಯೊಳಗಿನ ತರಂಗಾಂತರದ ಸುಮಾರು ಅರ್ಧದಷ್ಟಿದ್ದಾಗ, ಶ್ರುತಿಗೂಡಿದ ತಂತಿ ಮಿಡಿಯುವಂತೆ ಅದು ಅನುರಣನಗೊಂಡು ಅಂಚುಗಳಿಂದ ತರಂಗಗಳನ್ನು ಹೊರಸೂಸುತ್ತದೆ. ಈ ಕಲ್ಪನೆಯನ್ನು ಡೆಷಾಂಪ್ಸ್ ಎಂಬ ವಿಜ್ಞಾನಿ 1953ರಲ್ಲಿಯೇ ಮುಂದಿಟ್ಟಿದ್ದನು. ಆದರೆ ಮನ್ಸನ್, ಹೋವೆಲ್ ಮೊದಲಾದವರ ಕೈಯಲ್ಲಿ ಅದು ಕಾರ್ಯರೂಪಕ್ಕೆ ಬಂದುದು 1970ರ ದಶಕದಲ್ಲಿ. ನಡುವಣ ಎರಡು ದಶಕಗಳ ವಿಳಂಬಕ್ಕೆ ಒಂದು ಮುಖ್ಯ ಕಾರಣ, ತರಂಗವನ್ನು ನುಂಗದ ಒಳ್ಳೆಯ ಹಲಗೆ ಸುಲಭವಾಗಿ ದೊರೆಯದಿದ್ದುದು.

ಹಲಗೆಯ ಗುಣಗಳಲ್ಲಿ ಮೂರನ್ನು ಅರಿತರೆ ಸಾಕು. ಮೊದಲನೆಯದು ಡೈಎಲೆಕ್ಟ್ರಿಕ್ ಸ್ಥಿರಾಂಕ. ಇದು ಹೆಚ್ಚಿದಷ್ಟೂ ಹಲಗೆಯೊಳಗೆ ತರಂಗವು ಕುಗ್ಗುತ್ತದೆ. ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದಂತೆ ಕುಗ್ಗುವುದು. ಜಿಪಿಎಸ್ ಉಪಗ್ರಹಗಳು ಬಳಸುವ 1575.42 ಮೆಗಾಹರ್ಟ್ಸ್ ತರಂಗದ ಅರ್ಧ ಉದ್ದವು ಬಯಲಿನಲ್ಲಿ ಸುಮಾರು 9.5 ಸೆಂಟಿಮೀಟರು. ಸ್ಥಿರಾಂಕ 20ರಷ್ಟಿರುವ ಪಿಂಗಾಣಿಯಂತಹ ಸಿರಾಮಿಕ್ ಬಿಲ್ಲೆಯಲ್ಲಿ ಅದು 2 ಸೆಂಟಿಮೀಟರಿಗೆ ಸ್ವಲ್ಪ ಮೇಲೆ ನಿಲ್ಲುತ್ತದೆ. ಎರಡನೆಯದು ನಷ್ಟಾಂಕ, ತರಂಗದ ಶಕ್ತಿಯಲ್ಲಿ ಹಲಗೆಯು ಶಾಖವಾಗಿ ನುಂಗುವ ಪಾಲನ್ನು ಇದು ತಿಳಿಸುತ್ತದೆ. ಮೂರನೆಯದು ದಪ್ಪ. ತೀರ ತೆಳುವಾದರೆ ಆಂಟೆನಾ ಸ್ಪಂದಿಸುವ ಆವೃತ್ತಿಗಳ ಹರವು ಕಿರಿದಾಗುವುದು. ತೀರ ದಪ್ಪವಾದರೆ ತರಂಗವು ಹೊರಗೆ ಹೋಗದೆ ಹಲಗೆಯ ಮೈಯಗುಂಟ ಹರಿದು ವ್ಯರ್ಥವಾಗುವುದು.

ಪೇಟೆಯಲ್ಲಿ ಅಗ್ಗವಾಗಿ ಸಿಗುವ ಹಲಗೆಯ ಹೆಸರು ಎಫ್‌ಆರ್-4. ಗಾಜಿನೆಳೆಯ ನೇಯ್ಗೆಗೆ ಎಪಾಕ್ಸಿ ಅಂಟನ್ನು ಉಣಿಸಿ ಒತ್ತಿ ಮಾಡಿದ್ದು. ಈ ಹೆಸರಿನ ಎಫ್ ಮತ್ತು ಆರ್ ಅಕ್ಷರಗಳು ಸೂಚಿಸುವುದು ಬೆಂಕಿ ಹಬ್ಬುವುದನ್ನು ಇದು ತಡೆಯುತ್ತದೆ ಎಂಬುದನ್ನು. ಸ್ಥಿರಾಂಕದ ವಿಷಯದಲ್ಲಿ ಹೆಸರು ಮೌನ! ಗಾಜಿನದು 6ರ ಆಸುಪಾಸು, ಎಪಾಕ್ಸಿಯದು 3ರಿಂದ 4. ಎರಡರ ಪ್ರಮಾಣವು ತಯಾರಕನಿಂದ ತಯಾರಕನಿಗೆ ಬದಲಾದಂತೆ ಹಲಗೆಯದೂ ಸಾಮಾನ್ಯವಾಗಿ 4.2ರಿಂದ 4.6ರವರೆಗೆ ಓಲಾಡುತ್ತದೆ. ನಷ್ಟಾಂಕವು 0.02ರಷ್ಟು. ಇದಕ್ಕೆ ಪ್ರತಿಯಾಗಿ ರೋಜರ್ಸ್ ಸಂಸ್ಥೆಯ ಆರ್‌ಟಿ ಡ್ಯೂರಾಯ್ಡ್ 5880 ಎಂಬ, ಟೆಫ್ಲಾನ್ ಜಾತಿಯ ಹಲಗೆಯಲ್ಲಿ ಸ್ಥಿರಾಂಕ 2.20, ನಷ್ಟಾಂಕ 0.0009. ಬೆಲೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ.

ಇನ್ನು ಸಿಮ್ಯುಲೇಷನ್, ಅಂದರೆ ವಸ್ತುವನ್ನು ತಯಾರಿಸುವ ಮೊದಲೇ ಗಣಕಯಂತ್ರದಲ್ಲಿ ಅದರ ನಡವಳಿಕೆಯನ್ನು ಅನುಕರಿಸಿ ನೋಡುವುದು. ಇದರ ಹಲವು ಮಾರ್ಗಗಳಲ್ಲಿ ಕೇನ್ ಯೀ ಎಂಬಾತನು 1966ರಲ್ಲಿ ಪ್ರಕಟಿಸಿದ ಮಾರ್ಗವು ನಮ್ಮ ಮಕ್ಕಳಿಗೂ ತಿಳಿಯುವಂತಹುದು. ಆಂಟೆನಾವನ್ನೂ ಸುತ್ತಣ ಅವಕಾಶವನ್ನೂ ಸಣ್ಣ ಸಣ್ಣ ಕೋಶಗಳಾಗಿ ವಿಭಾಗಿಸಬೇಕು. ತೋಟದಲ್ಲಿ ಒಂದು ಮಡಿಯಿಂದ ಮುಂದಿನ ಮಡಿಗೆ ನೀರು ಹಾಯುವಂತೆ, ಒಂದು ಕೋಶದ ವಿದ್ಯುತ್ ಕ್ಷೇತ್ರವು ನೆರೆಯ ಕಾಂತಕ್ಷೇತ್ರವನ್ನೂ ಅದು ಮತ್ತೆ ವಿದ್ಯುತ್ ಕ್ಷೇತ್ರವನ್ನೂ ಬದಲಿಸುತ್ತ ಹೋಗುವುದನ್ನು ಯಂತ್ರವು ಕ್ಷಣಾಂಶ ಕ್ಷಣಾಂಶವಾಗಿ ಲೆಕ್ಕ ಹಾಕುತ್ತದೆ. ತಾಮ್ರದ ಅಂಚಿನಲ್ಲಿಯೂ ಹಲಗೆಯ ದಪ್ಪದೊಳಗೂ ಮಡಿಗಳು ಇನ್ನೂ ಚಿಕ್ಕವಾಗಿರಬೇಕು. ಹೊರ ಎಲ್ಲೆಯು ತರಂಗವನ್ನು ಹೀರುವಂತಿರಬೇಕು. ಇಲ್ಲವಾದರೆ ಲೆಕ್ಕದ ಪೆಟ್ಟಿಗೆಯು ವಿಜಯಪುರದ ಗೋಳಗುಮ್ಮಟದಂತೆ ಪ್ರತಿಧ್ವನಿಸುವುದು. ಕೊನೆಗೆ ದೊರೆಯುವ ರೇಖೆಯು, ಒಳಗೆ ಬಿಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಹಿಂದಿರುಗಿತು ಎಂಬುದನ್ನು ಆವೃತ್ತಿವಾರು ತೋರಿಸುತ್ತದೆ. ರೇಖೆಯು ಕಣಿವೆಯಂತೆ ಕುಸಿದ ಸ್ಥಳವೇ ಆಂಟೆನಾದ ಶ್ರುತಿ.

ಈ ಕಣಿವೆಯು ಎಲ್ಲಿ ಬೀಳುವುದೆಂಬುದು ನಾವು ಕೊಟ್ಟ ಸ್ಥಿರಾಂಕವನ್ನು ಅವಲಂಬಿಸಿದೆ. ವೈ-ಫೈ ಬಳಸುವ 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಸ್ಥಿರಾಂಕ 4.4, ದಪ್ಪ 1.6 ಮಿಲಿಮೀಟರು ಎಂದು ನಂಬಿ 2450ಕ್ಕೆ ಗಣಿಸಿದರೆ ತುಂಡಿನ ಅಳತೆ ಸುಮಾರು 37 ಮಿಲಿಮೀಟರು ಅಗಲ, 29 ಮಿಲಿಮೀಟರು ಉದ್ದ. ಅದೇ ಅಳತೆಯ ತುಂಡನ್ನು 4.2 ಇರುವ ಹಲಗೆಯ ಮೇಲೆ ಕೊರೆದರೆ ಶ್ರುತಿಯು 2505ರ ಸಮೀಪಕ್ಕೆ ಏರಿಬಿಡುತ್ತದೆ. ಇಂತಹ ಆಂಟೆನಾದ ಹರವು ಒಟ್ಟು 70 ಮೆಗಾಹರ್ಟ್ಸಿನಷ್ಟಾದುದರಿಂದ ಬೇಕಾದ ಪಟ್ಟಿಯ ಬಹುಭಾಗ ಕೈತಪ್ಪಿ ಹೋಗುವುದು. ಯಂತ್ರದ ಲೆಕ್ಕದಲ್ಲಿ ದೋಷವಿಲ್ಲ, ವಿದ್ಯಾರ್ಥಿಯ ಕೈಯಲ್ಲಿಯೂ ದೋಷವಿಲ್ಲ. ಆದರೂ ಉಪಕರಣ ನಡೆಯದು. ಮಗುವು ತನ್ನ ಬುದ್ಧಿಯನ್ನೇ ಹಳಿದುಕೊಂಡು ಸುಮ್ಮನಾಗುವುದು ಇಂತಹ ಸಮಯದಲ್ಲಿಯೇ. ಇನ್ನೊಂದು ಸಂಗತಿ: ಶ್ರುತಿ ಸರಿಯಾಗಿ ಕೂತಾಗಲೂ ಈ ಹಲಗೆಯು ಆಂಟೆನಾಕ್ಕೆ ಸೇರಿದ ಶಕ್ತಿಯಲ್ಲಿ ಸುಮಾರು ಅರ್ಧವನ್ನು ನುಂಗಿಬಿಡುತ್ತದೆ. ಹಿಂದಿರುಗಿದ ಪಾಲನ್ನು ಮಾತ್ರ ತೋರುವ ರೇಖೆ ಇದನ್ನು ಹೇಳುವುದಿಲ್ಲ. ಒಳಗೇ ಬೆಂದುಹೋದದ್ದೂ ಹಿಂದಿರುಗಲಿಲ್ಲವಷ್ಟೆ!

ಶಾಲೆಯ ಪ್ರಯೋಗಾಲಯಕ್ಕೆ ನೆರವಾಗಬಯಸುವ ದಾಸೋಹಿಗಳು ಸಹಜವಾಗಿಯೇ ಗಣಕಯಂತ್ರಗಳನ್ನು ಕೊಡಿಸಲು ಮುಂದಾಗುತ್ತಾರೆ. ಅದು ಬೇಕಾದುದೇ. ಯೀ ಮಾರ್ಗದಲ್ಲಿ ಗಣಿಸುವ ಓಪನ್‌ಇಎಂಎಸ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದರಿಂದ, ಆ ಬಾಬ್ತಿನಲ್ಲಿ ಉಳಿಯುವ ಹಣದಲ್ಲಿ 3 ಗಿಗಾಹರ್ಟ್ಸ್‌ವರೆಗೆ ಅಳೆಯುವ, ಅಂಗೈಯಲ್ಲಿ ಹಿಡಿಯಬಹುದಾದ ನ್ಯಾನೋವಿಎನ್‌ಎ ಜಾತಿಯ ಮಾಪಕವೊಂದನ್ನು ಕೊಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಕಲಿಕೆಗೆ ಎಫ್‌ಆರ್-4 ಹಲಗೆಯೇ ಸಾಕು. ದುಬಾರಿ ಹಲಗೆಯು ದುರ್ಬಲ ಸಂಕೇತಗಳನ್ನು ಹಿಡಿಯಬೇಕಾದ ಸಂದರ್ಭಕ್ಕಿರಲಿ. ಆದರೆ ಹಲಗೆಗಳನ್ನು ಬಿಡಿಯಾಗಿ ಹತ್ತು ಕಡೆ ಕೊಳ್ಳದೆ, ಒಬ್ಬನೇ ತಯಾರಕನ ಒಂದೇ ಕಂತಿನ ಸರಕನ್ನು ವರ್ಷಕ್ಕಾಗುವಷ್ಟು ತರಿಸಬೇಕು. ಮೊದಲ ಹಲಗೆಯಲ್ಲಿ ತಿಳಿದ ಅಳತೆಯ ತುಂಡೊಂದನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೊರೆದು, ಅದರ ಶ್ರುತಿಯನ್ನು ಮಾಪಕದಿಂದ ಅಳೆಯಬೇಕು. ಬಳಿಕ ಗಣಕಯಂತ್ರದಲ್ಲಿ ಅದೇ ತುಂಡನ್ನು ಚಿತ್ರಿಸಿ, ಲೆಕ್ಕದ ಕಣಿವೆಯು ಅಳತೆಯ ಕಣಿವೆಯ ಮೇಲೆ ಬಂದು ಕೂರುವ ತನಕ ಸ್ಥಿರಾಂಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋಗಬೇಕು. ಹಾಗೆ ದೊರೆತ ಅಂಕಿಯನ್ನು ದಿನಾಂಕಸಹಿತವಾಗಿ ಉಳಿದ ಹಲಗೆಗಳ ಕಟ್ಟಿನ ಮೇಲೆ ಬರೆದಿಡುವುದು.