ಗೇಟಿನ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿಲ್ಲ, ಆದರೂ...

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮೊಬೈಲ್ ಹಿಡಿದು ಕೂರುತ್ತೀರಿ. ಸೀರೆ ಅಂಗಡಿಯ ವೆಬ್‌ಸೈಟಿನಲ್ಲಿ ನಾಲ್ಕು ಸೀರೆ ನೋಡಿ, ಏನೂ ಕೊಳ್ಳದೆ ಮುಚ್ಚುತ್ತೀರಿ. ಯಾರಿಗೂ ಗೊತ್ತಾಗಲಿಲ್ಲ ಅಂದ್ಕೊಂಡ್ರಾ? ಅಪಾರ್ಟ್‌ಮೆಂಟ್ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಬರೆಯುವ ಹಾಗೆ ಆ ಸೈಟಿನ ಸರ್ವರ್ ಕೂಡ ಬರೆದಿಟ್ಟುಕೊಳ್ಳುತ್ತದೆ. ನಿಮ್ಮ ಸಂಪರ್ಕದ ಐಪಿ ಸಂಖ್ಯೆ, ದಿನ, ಗಂಟೆ, ನಿಮಿಷ, ಸೆಕೆಂಡು, ಕೇಳಿದ ಪುಟ, ಅದು ಸಿಕ್ಕಿತೇ (ಸಿಕ್ಕರೆ 200, ಇಲ್ಲದಿದ್ದರೆ 404), ಸಾಮಾನ್ಯವಾಗಿ ನಿಮ್ಮ ಬ್ರೌಸರ್ ಯಾವುದು ಎಂಬುದೂ ಅದರಲ್ಲಿರುತ್ತದೆ. ಇದೇ ‘ಆ್ಯಕ್ಸೆಸ್ ಲಾಗ್’. ಪುಟಕ್ಕೊಂದು ಸಾಲು, ಅದರೊಳಗಿನ ಚಿತ್ರಗಳಿಗೂ ಒಂದೊಂದು ಸಾಲು!

ದೊಡ್ಡ ಸೈಟುಗಳಲ್ಲಿ ಇಂಥ ಸಾಲುಗಳು ಕೋಟಿಗಟ್ಟಲೆ. ಇಷ್ಟನ್ನೆಲ್ಲ ಓದುವವರು ಯಾರು ಅಂತ ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ 2004ರಲ್ಲಿ ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ‘ಮ್ಯಾಪ್‌ರೆಡ್ಯೂಸ್’ ವಿಧಾನವನ್ನು ಪ್ರಕಟಿಸಿದರು. ಯಾವ ಪುಟ ಎಷ್ಟು ಸಲ ತೆರೆದಿದೆ ಎಂದು ಲಾಗ್‌ನಿಂದ ಎಣಿಸುವುದು ಅವರು ಕೊಟ್ಟ ಉದಾಹರಣೆಗಳಲ್ಲೇ ಒಂದು.

ನಮ್ಮ ರಿಜಿಸ್ಟರ್‌ಗೇ ಹೋಲಿಸಿ ಹೇಳ್ತೀನಿ. ವರ್ಷದ ಹಾಳೆಗಳನ್ನು ಹತ್ತು ಜನ ಹಂಚಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಹಾಳೆ ನೋಡಿ ‘101ನೇ ಮನೆಗೆ ಒಬ್ಬರು’, ‘204ಕ್ಕೆ ಒಬ್ಬರು’ ಎಂದು ಚೀಟಿ ಬರೆಯಲಿ. ಆಮೇಲೆ ಒಂದು ಮನೆಯ ಚೀಟಿಗಳೆಲ್ಲ ಒಬ್ಬರ ಕೈಗೆ ಬರಲಿ. ಅವರು ಕೂಡಿದರೆ ಲೆಕ್ಕ ಮುಗೀತು. ನಡುವೆ ಹಾಲುಕ್ಕಿತೆಂದು ಒಬ್ಬರು ಓಡಿಹೋದರೆ ಅವರ ಹಾಳೆ ಪಕ್ಕದವರಿಗೆ! ಹತ್ತು ಜನರ ಜಾಗದಲ್ಲಿ ಸಾವಿರಾರು ಕಂಪ್ಯೂಟರ್ ಇಡಿ, ಅಷ್ಟೇ. 2006ರಲ್ಲಿ ‘ಹಡೂಪ್’ ಎಂಬ ಉಚಿತ ಸಾಫ್ಟ್‌ವೇರ್ ಬಂದ ಮೇಲೆ ಇದು ಬೇರೆ ಕಂಪನಿಗಳ ಕೈಗೂ ಸಿಕ್ಕಿತು. (ಹಡೂಪ್ ಎಂದರೆ ಅದನ್ನು ರೂಪಿಸಿದ ಡಗ್ ಕಟಿಂಗ್ ಅವರ ಮಗನ ಆಟಿಕೆ ಆನೆಯ ಹೆಸರು!)

ಬರೀ ಎಣಿಕೆಯಾದರೆ ತೊಂದರೆಯಿಲ್ಲ. ಯಾವ ಪುಟ ಕೆಟ್ಟಿದೆ, ಯಾವ ಹೊತ್ತಿನಲ್ಲಿ ಜನ ಹೆಚ್ಚು ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಚೀಟಿಗಳನ್ನು ಮನೆಯ ಬದಲು ಬಂದವರ ಪ್ರಕಾರ ಜೋಡಿಸಿದರೆ? 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಹುಡುಕಾಟದ ದಾಖಲೆಯನ್ನು ಸಂಶೋಧನೆಗೆಂದು ಬಹಿರಂಗ ಮಾಡಿತು. ಹೆಸರಿನ ಬದಲು ಸಂಖ್ಯೆ ಹಾಕಿತ್ತು. ಒಂದು ಸಂಖ್ಯೆಯ ಕೆಳಗೆ ಮರಗಟ್ಟುವ ಬೆರಳು, ನಾಯಿಯ ತಂಟೆ, ಒಂದು ಊರಿನ ತೋಟಗೆಲಸದವರು, ಒಂದೇ ಮನೆತನದ ಹೆಸರು... ಇಷ್ಟು ಹಿಡಿದುಕೊಂಡೇ ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರರು ಆ ಹಿರಿಯ ಮಹಿಳೆಯನ್ನು ಪತ್ತೆ ಹಚ್ಚಿಬಿಟ್ಟರು. 

‘ಇನ್‌ಕಾಗ್ನಿಟೊದಲ್ಲಿ ನೋಡ್ತೀನಲ್ಲ’ ಅನ್ನಬೇಡಿ. ಅದು ಮರೆಮಾಡುವುದು ನಿಮ್ಮ ಫೋನಿನ ಹಿಸ್ಟರಿಯನ್ನು ಮಾತ್ರ, ಸರ್ವರ್‌ನ ರಿಜಿಸ್ಟರನ್ನಲ್ಲ. ಭಾರತದಲ್ಲಂತೂ 2022ರ ಸರ್ಕಾರಿ ನಿರ್ದೇಶನದ ಪ್ರಕಾರ ಕಂಪನಿಗಳು ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಇನ್ನೊಂದು ವಿಷಯ, ಹುಡುಕಾಟದ ಪೆಟ್ಟಿಗೆಯಲ್ಲಿ ಬರೆದದ್ದು ಹಲವು ಸಲ ಪುಟದ ವಿಳಾಸದೊಳಗೇ ಸೇರಿ ಲಾಗ್‌ಗೆ ಹೋಗುತ್ತದೆ. ಹಾಗಾಗಿ ಆಧಾರ್, ಬ್ಯಾಂಕ್ ಖಾತೆ, ಮಗಳ ಫೋನ್ ನಂಬರುಗಳನ್ನು ಅಲ್ಲಿ ಬರೆಯಲೇಬೇಡಿ. ಕಾಯಿಲೆಯ ವಿಷಯ ಹುಡುಕುವಾಗ ಲಾಗ್‌ಔಟ್ ಮಾಡಿಕೊಳ್ಳಿ. ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ಗೆ ಹೋಗಿ, ಮೂರು ತಿಂಗಳಿಗೆ ಹಳೆಯದು ತಾನೇ ಅಳಿಯುವ ಹಾಗೆ ಇಂದೇ ಬದಲಿಸಿಕೊಳ್ಳಿ. ಒಲೆ ಮೇಲೆ ಅನ್ನ ಆಗುವುದರೊಳಗೆ ಮುಗಿಯುವ ಕೆಲಸ.