ನೆರೆಮನೆಯ ಗುಳಿಗೆ ನಮಗೆ ಬೇಡ

ಡಾ. ವಾನ್ಲೆಸ್ಸರು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಅಥಣಿ, ಚಿಕ್ಕೋಡಿಗಳ ಕನ್ನಡಿಗರೂ ಔಷಧೋಪಚಾರಕ್ಕೆ ಈ ಊರನ್ನು ನಂಬಿ ಬಂದವರು. ಆದರೆ ವೈದ್ಯರು ಒಬ್ಬರಿಗೆ ಬರೆದುಕೊಟ್ಟ ರಕ್ತದೊತ್ತಡದ ಗುಳಿಗೆಯನ್ನು ಮತ್ತೊಬ್ಬರು ನುಂಗುವ ರೂಢಿ ಅಪಾಯಕರವಾದುದು.

ಹೃದಯದ ಮಿಡಿತಕ್ಕೆ ಕ್ಯಾಲ್ಸಿಯಂ ಅವಶ್ಯವೆಂಬುದನ್ನು ಲಂಡನ್ನಿನ ಸಿಡ್ನಿ ರಿಂಗರರು 1883ರಲ್ಲಿ ಕಪ್ಪೆಯ ಹೃದಯದಿಂದ ತೋರಿಸಿಕೊಟ್ಟರು. ಸ್ನಾಯುಕೋಶದೊಳಗೆ ಈ ಕ್ಯಾಲ್ಸಿಯಂ ಸೇರುವುದನ್ನು ಕಡಿಮೆ ಮಾಡುವ ಔಷಧಗಳಿವೆ. ಅವುಗಳಿಂದ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆದರೆ ಅವುಗಳಲ್ಲಿ ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬೆರಡು ಹೃದಯದ ವೇಗವನ್ನೂ ಬಲವನ್ನೂ ಕುಗ್ಗಿಸುತ್ತವೆ.

ಸಾಂಗಲಿಯಲ್ಲಿ ಕೃಷ್ಣೆಯ ಘಾಟಿನ ಮೆಟ್ಟಿಲೇರುವಾಗ ಆರೋಗ್ಯವಂತನ ಹೃದಯವು ವೇಗವಾಗಿಯೂ ಬಲವಾಗಿಯೂ ಮಿಡಿದು ಕಾಲುಗಳಿಗೆ ಹೆಚ್ಚು ರಕ್ತವನ್ನು ಒದಗಿಸುತ್ತದೆ. ಬಲಗುಂದಿದ ಹೃದಯಕ್ಕೆ ಈ ಮೀಸಲು ಶಕ್ತಿಯೇ ಅಲ್ಪ. ಅದನ್ನೂ ಔಷಧವು ಕಟ್ಟಿಹಾಕಿದರೆ ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದೀತು. ಆದುದರಿಂದ ಹಿಂಡುವ ಶಕ್ತಿ ಕುಂದಿದ ಹೃದಯಕ್ಕೆ ವೈದ್ಯರು ಇವೆರಡನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಇದೇ ವರ್ಗದ ಆಮ್ಲೋಡಿಪಿನ್ ಮುಖ್ಯವಾಗಿ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತದೆ. ತೀವ್ರ ಹೃದಯ ದೌರ್ಬಲ್ಯವುಳ್ಳವರಲ್ಲಿ ಅದು ಮರಣವನ್ನು ಹೆಚ್ಚಿಸಲಿಲ್ಲವೆಂದು 1996ರಲ್ಲಿ ಪ್ರಕಟವಾದ ‘ಪ್ರೇಸ್’ ಅಧ್ಯಯನವು ತಿಳಿಸಿತು. ಆದರೆ ಅದರಿಂದ ಪಾದಗಳು ಬಾಯುವುದುಂಟು. ಹೃದಯ ದೌರ್ಬಲ್ಯದ ಒಂದು ಲಕ್ಷಣವೂ ಅದೇ. ಕಾರಣ ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು.

ಗುಳಿಗೆಯನ್ನು ತಾವಾಗಿ ನಿಲ್ಲಿಸುವುದೂ ಸಲ್ಲದು, ಪರರದನ್ನು ನುಂಗುವುದೂ ಸಲ್ಲದು. ಮನೆಯ ಹಿರಿಯರಿಗೆ ನಡೆಯುವಾಗ ಹೊಸದಾಗಿ ಉಸಿರು ಕಟ್ಟತೊಡಗಿದರೆ, ಹಳೆಯ ಚೀಟಿಗಳೆಲ್ಲವನ್ನೂ ತೆಗೆದುಕೊಂಡು ಅವರನ್ನು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.