ಹಾಲಿನ ಲೆಕ್ಕ, ಬೀಡಿಯ ಲೆಕ್ಕ



ಕಾರ್ಕಳ, ಕಾಪು ಕಡೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದಾಗ ಅನೇಕ ಮನೆಗಳ ಜಗಲಿಯಲ್ಲಿ ಬೀಡಿಯ ಮೊರ ಕಾಣುತ್ತದೆ. ಹಾಲು ಕರೆಯುವ ಕೈಗಳೇ ಬಿಡುವಿನಲ್ಲಿ ಬೀಡಿ ಕಟ್ಟುತ್ತವೆ. ಹಾಲಿನ ಲೀಟರು, ಫ್ಯಾಟ್ ಪ್ರತಿದಿನ ಪುಸ್ತಕಕ್ಕೆ ಏರುತ್ತವೆ. ಬೀಡಿಯ ಲೆಕ್ಕ?

ಎಲೆ, ಹೊಗೆಸೊಪ್ಪು ಕೊಡುವವರು ಗುತ್ತಿಗೆದಾರರು. ಕಟ್ಟಿನ ಮೇಲಿನ ಲೇಬಲ್ ಕಂಪೆನಿಯದು. ಹಾಗಾದರೆ ಕಾರ್ಮಿಕಳ ಹೊಣೆ ಯಾರದು? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಅದನ್ನು ಮೂಲ ಮಾಲೀಕರ ಮೇಲೂ ಹೊರಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಇದನ್ನು ಪ್ರಶ್ನಿಸಿದಾಗ, 1974ರಲ್ಲಿ ಸುಪ್ರೀಂ ಕೋರ್ಟ್ ಆ ಹೊಣೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಅನ್ವಯಿಸುತ್ತದೆಂದು 1985ರಲ್ಲಿ ಅದೇ ನ್ಯಾಯಾಲಯ ಹೇಳಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ಈಗ ಇನ್ನೊಂದು ಲೆಕ್ಕವೂ ಇದೆ. ಸೆಬಿಯ ನಿಯಮದಂತೆ 2022-23ರಿಂದ ಶೇರುಪೇಟೆಯ ಮೊದಲ 1000 ಕಂಪೆನಿಗಳು ಲಾಭನಷ್ಟದ ಜೊತೆಗೆ ನೀರಿನ ಬಳಕೆ, ಮಾಲಿನ್ಯ, ಕಾರ್ಮಿಕರ ಸ್ಥಿತಿಗತಿಯ ವರದಿಯನ್ನೂ ಕೊಡಬೇಕು. ಇದೇ ಸುಸ್ಥಿರತೆಯ ಲೆಕ್ಕ. ಶೇರುಪೇಟೆಯಲ್ಲಿ ಇಲ್ಲದ ಸಂಸ್ಥೆಗಳಿಗೆ ಇದು ಕಡ್ಡಾಯವಲ್ಲ. ಕೊಟ್ಟ ವರದಿಯೂ ಕೊನೆಯ ಮನೆಯ ಪುಸ್ತಕ ಸರಿಯಿದ್ದರೆ ಮಾತ್ರ ಸರಿ.

ಆದ್ದರಿಂದ ನಮ್ಮ ಪುಸ್ತಕವನ್ನು ನಾವೇ ನೋಡಿಕೊಳ್ಳಬೇಕು. ನೆರೆಮನೆಯವರ ಹೆಸರಿನಲ್ಲಿ ಹಾಲು ಹಾಕಿದರೆ ಬೋನಸ್ ಅವರಿಗೇ ಹೋಗುತ್ತದೆ. ಹಾಗೆಯೇ ಸೊಸೆ ಕಟ್ಟಿದ ಬೀಡಿ ಅತ್ತೆಯ ಪುಸ್ತಕಕ್ಕೆ ಸೇರಿದರೆ ಸೊಸೆಯ ಹೆಸರಿಗೆ ಪಿ.ಎಫ್. ಜಮೆಯಾಗದು. ಕಟ್ಟುವವರ ಹೆಸರಿನಲ್ಲೇ ಪುಸ್ತಕ ಮಾಡಿಸಿ, ಪಿ.ಎಫ್. ಸಂಖ್ಯೆ ಕೇಳಿ ಪಡೆಯಿರಿ, ತಿರಸ್ಕರಿಸಿದ ಬೀಡಿಯ ಎಣಿಕೆಯನ್ನೂ ಬರೆಸಿರಿ.